ತಂತಿಯ ಪಾಠಕ್ರಮ

ಚಳ್ಳಕೆರೆಯ ಸೀಮೆಯಲ್ಲಿ ಬೇಸಗೆ ಬಂದುದನ್ನು ತಿಳಿಯಲು ಪಂಚಾಂಗವನ್ನು ತೆರೆಯಬೇಕಾದುದಿಲ್ಲ. ಕೊಳವೆ ಬಾವಿಗಳಿಂದ ಮೇಲಕ್ಕೆತ್ತಿ ತಂದ ಸಬ್‌ಮರ್ಸಿಬಲ್ ಮೋಟಾರುಗಳು ಪೇಟೆಯ ವೈಂಡಿಂಗ್ ಅಂಗಡಿಗಳ ಮುಂದೆ ಗೋಡೆಗೆ ಒರಗಿ ಸಾಲಾಗಿ ನಿಂತವೆಂದರೆ ಚೈತ್ರವು ಸಮೀಪಿಸಿತೆಂದೇ ಅರ್ಥ. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪೈಕಿ ಚಳ್ಳಕೆರೆ, ಮೊಳಕಾಲ್ಮೂರುಗಳೆರಡೂ ಸೇರಿರುವುವು. ಕಪಿಲೆಯೂ ಅದನ್ನು ಎಳೆಯುತ್ತಿದ್ದ ಎತ್ತಿನ ಜೋಡಿಯೂ ಮರೆಯಾಗಿ ಬಹುಕಾಲವಾಯಿತು. ತೆರೆದ ಬಾವಿಗಳು ಬತ್ತಿ ಅವುಗಳ ಮೆಟ್ಟಿಲುಗಳಲ್ಲಿ ಜಾಲಿ ಬೆಳೆಯಿತು. ಶೇಂಗಾದ ಹೊಲವನ್ನು ಮಳೆರಾಯನಿಗೆ ಒಪ್ಪಿಸಿ, ಈರುಳ್ಳಿಯ ಮಡಿಯನ್ನೂ ದಾಳಿಂಬೆಯ ಗಿಡವನ್ನೂ ಉಳಿಸಿಕೊಳ್ಳಲು ಈಗ ರೈತನು ನೆಚ್ಚಿರುವುದು ನೂರಾರು ಅಡಿಗಳ ಆಳದ ಕತ್ತಲೆಯಲ್ಲಿ, ನೀರಿನೊಳಗೆ ಮುಳುಗಿ ತಿರುಗುವ ಒಂದು ಲೋಹದ ಕೊಳವೆಯನ್ನು. ‘ಮೋಟಾರು ಸುಟ್ಟಿತು’ ಎಂಬ ಸುದ್ದಿ ಈ ಕಡೆಯ ಮನೆಗಳಲ್ಲಿ ಆಸ್ಪತ್ರೆಯಿಂದ ಬಂದ ಸುದ್ದಿಗೆ ಕಡಿಮೆಯಾದುದಲ್ಲ. ಪೈಪುಗಳನ್ನು ಮೇಲಕ್ಕೆಳೆಯುವ ಕೂಲಿ, ಸುತ್ತಿಸುವ ಖರ್ಚು, ಮತ್ತೆ ಇಳಿಸುವ ಕೂಲಿ, ಇವೆಲ್ಲವುಗಳಿಗಿಂತ ದೊಡ್ಡದು ನೀರಿಲ್ಲದೆ ಕಳೆಯುವ ಐದಾರು ದಿನಗಳು. ಗಡ್ಡೆ ಕಟ್ಟುವ ಹೊತ್ತಿನ ಈರುಳ್ಳಿಗೆ ಐದಾರು ದಿನಗಳೆಂದರೆ ಒಂದು ಆಯುಷ್ಯ.

ಸುಡುವುದೆಂದರೆ ಏನು? ಬಯಲಿಗೆ ಬೆಂಕಿ ಕಾಣುವುದಿಲ್ಲ. ಒಳಗಿನ ತಾಮ್ರದ ತಂತಿಯ ಮೇಲಿನ ಹೊದಿಕೆಯು ಕಾವಿನಿಂದ ಕರಗಿ, ಒಂದು ಸುತ್ತು ಮತ್ತೊಂದಕ್ಕೆ ತಾಕಿ, ಹೋಗಬೇಕಾದ ದಾರಿಯನ್ನು ಬಿಟ್ಟು ವಿದ್ಯುತ್ತು ಒಳದಾರಿಯಲ್ಲಿ ಹರಿದುಬಿಡುವುದು. ಕಾರಣಗಳು ಹಲವು: ವೋಲ್ಟೇಜು ಕುಸಿದಿರುವಾಗ ಓಡಿಸುವುದು, ಮೂರು ಫೇಸುಗಳಲ್ಲಿ ಒಂದು ತಪ್ಪಿದರೂ ನಿಲ್ಲಿಸದಿರುವುದು, ಎರಡೇ ಫೇಸು ಇದ್ದಾಗಲೂ ಕಂಡೆನ್ಸರು ಕಟ್ಟಿ ಹೇಗೋ ತಿರುಗಿಸುವ ಸಾಹಸ, ಬಾವಿಯಲ್ಲಿ ನೀರೇ ಇಲ್ಲದಿರುವುದು. ಇವೆಲ್ಲ ಹೊರಗಿನ ಕಾರಣಗಳು; ಊರಿಗೆಲ್ಲ ತಿಳಿದವು. ಒಳಗಿನ ಕಾರಣವೊಂದುಂಟು, ಅದನ್ನು ಕುರಿತು ಮಾತನಾಡುವವರು ವಿರಳ. ಸುರುಳಿಗಳನ್ನು ಒಂದಕ್ಕೊಂದು ಹೇಗೆ ಕೂಡಿಸಿದೆ ಎಂಬುದೇ ಆ ಕಾರಣ.

ಮೋಟಾರಿನ ಹೊರಭಾಗವು ತೆಳುವಾದ ಉಕ್ಕಿನ ತಗಡುಗಳನ್ನು ಪೇರಿಸಿ ಮಾಡಿದ ಕಂಬ. ಅದರ ಒಳಮೈಯಲ್ಲಿ ಉದ್ದಕ್ಕೂ ಸ್ಲಾಟುಗಳೆಂಬ ತೋಡುಗಳಿರುವುವು. ಇಪ್ಪತ್ತನಾಲ್ಕು ಸ್ಲಾಟುಗಳಿರುವ ಮೋಟಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನೀರು ತುಂಬಿದ ಮೋಟಾರಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಈ ತೋಡುಗಳಲ್ಲಿ ಒಂದೊಂದಾಗಿ ಕೈಯಿಂದಲೇ ಎಳೆಯಬೇಕು; ಮಂಚಕ್ಕೆ ನವಾರು ಹೆಣೆಯುವವನಂತೆ ಒಬ್ಬನು ಈ ತುದಿಯಲ್ಲಿ ತಳ್ಳುವನು, ಇನ್ನೊಬ್ಬನು ಆ ತುದಿಯಲ್ಲಿ ಸೆಳೆಯುವನು. ಮೂರು ಫೇಸುಗಳಿಗೆ ಮೂರು ಪಂಗಡಗಳ ಸುರುಳಿಗಳು. ಮೊದಲನೆಯ ಫೇಸು ಒಂದನೆಯ ಸ್ಲಾಟಿನಿಂದ ಆರಂಭವಾದರೆ ಎರಡನೆಯದು ಒಂಬತ್ತರಿಂದಲೂ ಮೂರನೆಯದು ಹದಿನೇಳರಿಂದಲೂ ಆರಂಭವಾಗತಕ್ಕದ್ದು. ಎಂದರೆ ವೃತ್ತದ ಮೂರನೆಯ ಒಂದು ಭಾಗದಷ್ಟು ಅಂತರ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಒಂದು ಫೇಸಿನ ಪ್ರವಾಹವು ಶಿಖರವನ್ನು ಮುಟ್ಟಿದ ೧೫೦ನೆಯ ಒಂದು ಸೆಕೆಂಡಿಗೆ ಮುಂದಿನದು ಮುಟ್ಟುವುದು. ಮೂವರು ಹೆಂಗಸರು ಒಂದೇ ಒರಳಿನಲ್ಲಿ ಸರದಿಯಂತೆ ಒನಕೆ ಹಾಕುವುದನ್ನು ಕಂಡವರಿಗೆ ಇದರ ಮರ್ಮವು ತಿಳಿಯದಿರದು. ಯಾರೊಬ್ಬರೂ ಕದಲುವುದಿಲ್ಲ, ಆದರೆ ಪೆಟ್ಟು ಮಾತ್ರ ಸುತ್ತು ಬರುತ್ತಲೇ ಇರುವುದು. ಹಾಗೆಯೇ ಸುರುಳಿಗಳು ಕದಲದಿದ್ದರೂ ಅವುಗಳ ಕಾಂತಬಲವು ನಿಮಿಷಕ್ಕೆ ಮೂರು ಸಾವಿರ ಬಾರಿ ಸುತ್ತುವುದು. ನಡುವಣ ರೋಟರು ಅದರ ಬೆನ್ನು ಹತ್ತಿ ತುಸು ಹಿಂದಾಗಿ ಓಡುವುದು. ಇಟಲಿಯ ಫೆರಾರಿಸನೂ ಅಮೆರಿಕದಲ್ಲಿದ್ದ ಟೆಸ್ಲಾನೂ ಈ ಸುತ್ತುವ ಕಾಂತಕ್ಷೇತ್ರವನ್ನು ೧೮೮೮ರಲ್ಲಿ ಲೋಕಕ್ಕೆ ತಿಳಿಸಿದರು. ಮರುವರ್ಷವೇ ದೊಲಿವೊ ದೊಬ್ರೊವೊಲ್ಸ್ಕಿ ಎಂಬ ರಷ್ಯದ ಯಂತ್ರಶಾಸ್ತ್ರಜ್ಞನು ಜರ್ಮನಿಯಲ್ಲಿ ಮೂರು ಫೇಸಿನ ಮೋಟಾರನ್ನು ರಚಿಸಿದನು. ಮೈಸೂರು ಸಂಸ್ಥಾನವು ೧೯೦೨ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿತೆಂಬುದು ವಾಚಕರಿಗೆ ವಿದಿತವೇ ಆಗಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತೋಡುಗಳಲ್ಲಿ ತಂತಿ ತುಂಬಿದ ಮಾತ್ರಕ್ಕೆ ಮೋಟಾರು ಸಿದ್ಧವಾಗಲಿಲ್ಲ. ಯಾವ ಸುರುಳಿಯ ಅಂತ್ಯವನ್ನು ಯಾವುದರ ಆದಿಗೆ ಕೂಡಿಸಬೇಕು, ಒಂದರ ಹಿಂದೊಂದಾಗಿಯೋ ಜೊತೆಜೊತೆಯಾಗಿಯೋ, ಕಡೆಗೆ ಉಳಿಯುವ ಆರು ತುದಿಗಳನ್ನು ಸ್ಟಾರಾಗಿ ಕಟ್ಟಬೇಕೋ ಡೆಲ್ಟಾ ಆಗಿ ಕಟ್ಟಬೇಕೋ, ಇದೆಲ್ಲ ನಡೆಯುವುದು ಉಕ್ಕಿನ ಕಂಬದ ಹೊರಗೆ, ಸುರುಳಿಗಳ ತಲೆಯಲ್ಲಿ. ಗಂಟು ಹಾಕಿ, ಹೊದಿಕೆ ಸುತ್ತಿ, ದಾರದಿಂದ ಬಿಗಿದ ಮೇಲೆ ಅದನ್ನು ಯಾರೂ ಕಾಣರು. ಸ್ಟಾರಿಗೆಂದು ಸುತ್ತಿದುದನ್ನು ಡೆಲ್ಟಾ ಮಾಡಿದರೆ ಪ್ರತಿಯೊಂದು ಫೇಸಿಗೂ ೨೪೦ ವೋಲ್ಟಿನ ಬದಲು ೪೧೫ ವೋಲ್ಟು ಬೀಳುವುದು. ಉಕ್ಕು ತಾಳಲಾರದೆ ಹೋಗುವುದು. ಡೆಲ್ಟಾಕ್ಕೆಂದು ಸುತ್ತಿದುದನ್ನು ಸ್ಟಾರ್ ಮಾಡಿದರೆ ತಿರುಗುವ ಬಲವು ಮೂರನೆಯ ಒಂದಕ್ಕೆ ಇಳಿಯುವುದು. ತಾಮ್ರವೂ ಅದೇ, ತೂಕವೂ ಅದೇ, ಗಂಟು ಮಾತ್ರ ಬೇರೆ.

ಹಳೆಯ ಪಾಠಶಾಲೆಗಳಲ್ಲಿ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಅಪರಿಚಿತವಾದ ವಿಷಯವಲ್ಲ. ಚಿತ್ರಕಾವ್ಯದಲ್ಲಿ ತುರಗಬಂಧವೆಂಬ ಒಂದು ಬಗೆಯುಂಟು; ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಇದನ್ನು ತೋರಿಸಿರುವನು. ಚದುರಂಗದ ಮನೆಗಳಂತೆ ಅಕ್ಷರಗಳನ್ನು ಇಟ್ಟು ಕುದುರೆಯ ನಡೆಯಲ್ಲಿ ಓದುವುದು ಅದರ ಕ್ರಮ. ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ ಇನ್ನೂ ಮುಂದೆ ಹೋದರು: ನೇರವಾಗಿ ಓದಿದರೆ ಒಂದು ಶ್ಲೋಕ, ಕುದುರೆಯ ನಡೆಯಲ್ಲಿ ಓದಿದರೆ ಬೇರೊಂದು ಶ್ಲೋಕ. ಅಕ್ಷರಗಳು ಇದ್ದಲ್ಲಿಯೇ ಇವೆ. ದಾರಿ ಬದಲಾಗಲು ಅರ್ಥವೇ ಬದಲಾಯಿತು. ಸ್ವೀಡನ್ನಿನ ಡಾಲಾಂಡರ್ ಎಂಬವನು ೧೮೯೭ರಲ್ಲಿ ಹಕ್ಕುಪತ್ರ ಪಡೆದ ಜೋಡಣೆಯನ್ನು ಯಂತ್ರಲೋಕದ ತುರಗಬಂಧವೆಂದೇ ಕರೆಯಬಹುದು. ಸುರುಳಿಗಳನ್ನು ಕದಲಿಸದೆ, ಒಂದೊಂದು ಫೇಸಿನ ಅರ್ಧದಲ್ಲಿ ಪ್ರವಾಹದ ದಿಕ್ಕನ್ನು ಮಾತ್ರ ತಿರುಗಿಸಿದರೆ ಧ್ರುವಗಳ ಸಂಖ್ಯೆ ಇಮ್ಮಡಿಯಾಗಿ ಮೋಟಾರಿನ ವೇಗವು ಅರ್ಧಕ್ಕಿಳಿಯುವುದು. ಒಂದೇ ಮೈಯಲ್ಲಿ ಎರಡು ಮೋಟಾರು! ಚಿತ್ರಕಾವ್ಯವನ್ನು ಅಧಮಕಾವ್ಯವೆಂದು ಲಾಕ್ಷಣಿಕರು ತಳ್ಳಿಹಾಕಿದರು. ರಸದೃಷ್ಟಿಯಿಂದ ಅದು ಸರಿಯೇ. ಆದರೆ ಅದನ್ನು ಕಟ್ಟಿದವರು ಯಾವ ಜಾತಿಯ ಬುದ್ಧಿಯನ್ನು ಬಳಸಿದರೋ ಅದೇ ಜಾತಿಯ ಬುದ್ಧಿಯು ಇಂದು ಹೊಲಕ್ಕೆ ನೀರು ಹಾಯಿಸುತ್ತಿದೆಯೆಂಬುದನ್ನು ಲಾಕ್ಷಣಿಕರು ನೋಡಿದ್ದರೆ ತುಸು ಮೃದುವಾಗುತ್ತಿದ್ದರೋ ಏನೋ.

ಚಳ್ಳಕೆರೆಯ ವೈಂಡಿಂಗ್ ಅಂಗಡಿಗಳಲ್ಲೊಂದರ ಯಜಮಾನನಿಗೆ ಈ ಕಸಬು ಬಂದುದು ಕೈಯಿಂದ ಕೈಗೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಎಣ್ಣೆಗಿರಣಿಯೊಂದರ ಮೋಟಾರುಗಳನ್ನು ಒರೆಸುವ ಹುಡುಗನಾಗಿ ಸೇರಿ, ಅಲ್ಲಿಯ ಮೇಸ್ತ್ರಿಯ ಹಿಂದೆ ನಿಂತು ಕಲಿತವನು ಆತ. ಚಳ್ಳಕೆರೆಯು ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರಾದ ಊರಷ್ಟೆ. ಸುಟ್ಟ ಮೋಟಾರು ಬಂದರೆ ಆತನು ಮೊದಲು ಮೂಸಿ ನೋಡುವನು; ತಲೆಯನ್ನು ಕತ್ತರಿಸುವ ಮೊದಲು ಬಿಚ್ಚಿ ಗಂಟುಗಳ ದಾರಿಯನ್ನು ಬೆರಳಿನಿಂದ ಹಿಡಿದು ನಡೆಯುವನು; ಪ್ರತಿಯೊಂದು ಸ್ಲಾಟಿನ ತಂತಿಗಳನ್ನೂ ಎಣಿಸುವನು. ಅನೇಕರು ಒಂದನ್ನು ಎಣಿಸಿ ಉಳಿದುವನ್ನು ನಂಬಿಬಿಡುವರು, ಆತನು ಹಾಗಲ್ಲ. ಇದ್ದುದನ್ನು ಇದ್ದ ಹಾಗೆ ಮರಳಿ ಸುತ್ತುವುದು, ತನ್ನ ಬುದ್ಧಿಯನ್ನು ನಡುವೆ ತೂರಿಸದಿರುವುದು, ಇದು ಆತನ ನೇಮ. “ಕಂಪನಿಯವರು ಓದಿದವರು, ಸುಮ್ಮನೆ ಹಾಕಿರೋದಿಲ್ಲ” ಎಂಬುದು ಆತನ ಮಾತು.

ಈತನ ತಂಗಿಯನ್ನು ಮೊಳಕಾಲ್ಮೂರಿನ ನೇಕಾರರ ಮನೆಗೆ ಕೊಟ್ಟಿದೆ. ರೇಷ್ಮೆಯ ಸೀರೆಗೆ ಹೆಸರಾದ ಊರು. ಅಲ್ಲಿಯ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆ ಮನೆಯ ಹುಡುಗನು ಮಗ್ಗದ ಗುಣಿಯ ಪಕ್ಕದಲ್ಲಿಯೇ ಅಂಬೆಗಾಲಿಟ್ಟವನು. ಚೌಕುಳಿ ಕಾಗದದ ಮೇಲೆ ಬಣ್ಣದಿಂದ ಮನೆಮನೆಯಾಗಿ ತುಂಬಿದ ಚಿತ್ರವು ಹೇಗೆ ಜಕಾರ್ಡಿನ ರಟ್ಟುಗಳಲ್ಲಿ ರಂಧ್ರಗಳಾಗುವುದು, ರಂಧ್ರಗಳು ಹೇಗೆ ಹಾಸಿನ ಎಳೆಗಳನ್ನು ಎತ್ತುವುವು, ಎಂಬುದನ್ನು ಅಕ್ಷರಾಭ್ಯಾಸಕ್ಕೆ ಮೊದಲೇ ಕಂಡವನು. ಅವನು ವಿದ್ಯುಚ್ಛಾಸ್ತ್ರದ ಇಂಜಿನಿಯರಿಂಗ್ ಓದಲು ಹೊರಟಾಗ ಮನೆಯಲ್ಲಿ ಸ್ವಲ್ಪ ಬೇಸರವೇ ಆಯಿತು. ರಜೆಯಲ್ಲಿ ಅವನು ಸೋದರಮಾವನ ಅಂಗಡಿಗೆ ಬಂದು ಕುಳಿತುಕೊಳ್ಳುವನು. ಬಂದಾಗ ಕೈಯಲ್ಲಿ ಒಂದು ಲ್ಯಾಪ್‌ಟಾಪು ಇರುವುದು. ಅದರಲ್ಲಿರುವುದು ಮೋಟಾರಿನ ಕಾಂತಕ್ಷೇತ್ರವನ್ನು ಗಣಿಸಿ ತೋರಿಸುವ ತಂತ್ರಾಂಶ.

ಈ ತಂತ್ರಾಂಶದ ಬಗೆಯನ್ನು ಸ್ವಲ್ಪ ವಿವರಿಸುವುದು ಉಚಿತ. ಮ್ಯಾಕ್ಸ್‌ವೆಲ್ಲನು ಹತ್ತೊಂಬತ್ತನೆಯ ಶತಮಾನದಲ್ಲಿ ಕೊಟ್ಟ ಸಮೀಕರಣಗಳಿಂದ ಕಾಂತಕ್ಷೇತ್ರದ ನಡೆ ತಿಳಿಯುವುದು ನಿಜ. ಆದರೆ ತೋಡು, ಹಲ್ಲು, ಸಂದುಗಳಿರುವ ಉಕ್ಕಿನಲ್ಲಿ ಅವನ್ನು ಬಿಡಿಸುವುದು ಕಾಗದ ಲೇಖನಿಗಳಿಗೆ ನಿಲುಕುವ ಕಾರ್ಯವಲ್ಲ. ಅದಕ್ಕೆ ಕಂಡುಕೊಂಡ ಉಪಾಯವೆಂದರೆ ಮೋಟಾರಿನ ಅಡ್ಡಕೊಯ್ತದ ಚಿತ್ರವನ್ನು ಸಾವಿರಾರು ಪುಟ್ಟ ತ್ರಿಕೋಣಗಳಾಗಿ ಒಡೆಯುವುದು, ರಂಗವಲ್ಲಿಗೆ ಮೊದಲು ಚುಕ್ಕಿಯಿಟ್ಟಂತೆ. ಒಂದೊಂದು ತ್ರಿಕೋಣದಲ್ಲಿಯೂ ಲೆಕ್ಕವು ಸುಲಭ; ನೆರೆಯವುಗಳೊಡನೆ ಹೊಂದುವಂತೆ ಎಲ್ಲವನ್ನೂ ಒಟ್ಟಿಗೆ ಬಿಡಿಸುವ ಶ್ರಮವು ಗಣಕಯಂತ್ರದ್ದು. ಕೂರಾಂಟನೆಂಬ ಗಣಿತಜ್ಞನು ೧೯೪೩ರಲ್ಲಿ ಈ ಮಾರ್ಗವನ್ನು ಸೂಚಿಸಿದನು. ಕಟ್ಟಡ, ಸೇತುವೆ, ವಿಮಾನಗಳ ಶಿಲ್ಪಿಗಳು ಅದನ್ನು ಮೊದಲು ಬಳಸಿದರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸಿಲ್ವೆಸ್ಟರ್ ಎಂಬವರೂ, ಭಾರತದಿಂದ ಹೋಗಿದ್ದ ಎಂ. ವಿ. ಕೆ. ಚಾರಿಯವರೂ ಕೂಡಿ ೧೯೭೦ರಲ್ಲಿ ಇದನ್ನು ವಿದ್ಯುದ್ಯಂತ್ರಗಳ ಉಕ್ಕಿಗೆ ಅನ್ವಯಿಸಿ ಪ್ರಕಟಿಸಿದರು. ಇಂದು ಇಂತಹ ತಂತ್ರಾಂಶಗಳಲ್ಲಿ ಬೆಲೆಯಿಲ್ಲದೆ ದೊರೆಯತಕ್ಕವೂ ಉಂಟು.

ಪರದೆಯ ಮೇಲೆ ಬರುವ ಚಿತ್ರವು ಮನೋಹರವೇ ಸರಿ. ಬಲರೇಖೆಗಳು ಹಲ್ಲುಗಳ ನಡುವೆ ಸಾಗಿ, ಸಂದನ್ನು ದಾಟಿ, ರೋಟರನ್ನು ಹೊಕ್ಕು ಮರಳುವುವು. ಉಕ್ಕು ಎಲ್ಲಿ ಬಳಲಿದೆಯೋ ಅಲ್ಲಿ ಬಣ್ಣವು ಕೆಂಪೇರುವುದು. ಆದರೆ ಈ ಚಿತ್ರವು ಮೋಟಾರನ್ನು ಅಡ್ಡವಾಗಿ ಕೊಯ್ದದ್ದು. ಸುರುಳಿಗಳ ತಲೆ, ಎಂದರೆ ಗಂಟುಗಳಿರುವ ಜಾಗ, ಈ ಕೊಯ್ತದೊಳಗೆ ಇಲ್ಲವೇ ಇಲ್ಲ! ಇಪ್ಪತ್ತನಾಲ್ಕು ತೋಡುಗಳಲ್ಲಿ ಇಪ್ಪತ್ತನಾಲ್ಕು ತಾಮ್ರದ ತುಂಡುಗಳು ಮಾತ್ರ ಕಾಣುವುವು. ಯಾವುದು ಯಾವ ಫೇಸಿಗೆ ಸೇರಿದ್ದು, ಎಷ್ಟು ಸುತ್ತು, ಪ್ರವಾಹವು ಒಳಕ್ಕೆ ಹೋಗುವುದೋ ಹೊರಕ್ಕೆ ಬರುವುದೋ, ಎಷ್ಟು ದಾರಿ, ಎಂಬುದನ್ನೆಲ್ಲ ಕುಳಿತವನು ಹೇಳಬೇಕು. ಹೇಳಿದುದನ್ನು ಯಂತ್ರವು ನಂಬುವುದು. ತಪ್ಪು ಹೇಳಿದರೂ ಅಷ್ಟೇ ಶ್ರದ್ಧೆಯಿಂದ ನಂಬಿ ಅಷ್ಟೇ ಮನೋಹರವಾದ ಚಿತ್ರವನ್ನು ಕೊಡುವುದು. ನಲವತ್ತು ಸುತ್ತುಗಳಲ್ಲಿ ಹತ್ತು ಆಂಪಿಯರು, ಎಂಬತ್ತು ಸುತ್ತುಗಳಲ್ಲಿ ಐದು ಆಂಪಿಯರು, ಇವೆರಡಕ್ಕೂ ಚಿತ್ರದಲ್ಲಿ ಕೂದಲೆಳೆಯ ಭೇದವೂ ಇರದು. ಕಾಂತಕ್ಷೇತ್ರಕ್ಕೆ ಬೇಕಾದುದು ಗುಣಲಬ್ಧವಷ್ಟೆ.

ದಿಕ್ಕಿನ ಮಾತಂತೂ ಇನ್ನೂ ಸೂಕ್ಷ್ಮ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದ ಅಶೋಕನ ಶಾಸನವುಂಟು. ಅದು ಎಡದಿಂದ ಬಲಕ್ಕೆ ಓದುವ ಬ್ರಾಹ್ಮೀ ಲಿಪಿಯದು. ಆದರೆ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೆತ್ತಿರುವನು. ದಿಕ್ಕನ್ನು ಅರಿಯದೆ ಓದಿದರೆ ಆ ಪದವು ಪದವಾಗುವುದಿಲ್ಲ. ತಂತ್ರಾಂಶದಲ್ಲಿ ಸುತ್ತಿನ ಸಂಖ್ಯೆಯ ಹಿಂದೆ ಹಾಕುವ ಧನ, ಋಣ ಚಿಹ್ನೆಯ ಕೆಲಸವೂ ಅದೇ. ಒಂದು ಫೇಸಿನ ಚಿಹ್ನೆಯನ್ನು ತಿರುಗಿಸಿ, ಮೂರು ಪ್ರವಾಹಗಳೂ ಸಮವೆಂದಿಟ್ಟು ಲೆಕ್ಕ ಹಾಕಿದರೆ, ಮುಂದಕ್ಕೆ ಸುತ್ತುವ ಕ್ಷೇತ್ರವು ಮೂರನೆಯ ಒಂದು ಪಾಲಿಗೆ ಇಳಿದು, ಹಿಂದಕ್ಕೆ ಸುತ್ತುವ ಕ್ಷೇತ್ರವೊಂದು ಮೂರನೆಯ ಎರಡು ಪಾಲಿನಷ್ಟು ಎದ್ದು ನಿಲ್ಲುವುದು. ಒರಳಿನಲ್ಲಿ ಒನಕೆಗೆ ಒನಕೆ ತಾಕುವುದೆಂದರೆ ಇದೇ.

ಆ ಬೇಸಗೆಯಲ್ಲಿ ಮೊಳಕಾಲ್ಮೂರಿನ ಕಡೆಯ ರೈತನೊಬ್ಬನ ಮೋಟಾರು ಅಂಗಡಿಗೆ ಎರಡನೆಯ ಬಾರಿ ಬಂದಿತು. ಮೊದಲ ಸಲ ಸುಟ್ಟು ಬಂದಾಗ ಯಜಮಾನನು ತನ್ನ ನೇಮದಂತೆ ಎಣಿಸಿ, ಇದ್ದ ಹಾಗೆಯೇ ಸುತ್ತಿ ಕಳುಹಿಸಿದ್ದನು. ತಿಂಗಳೊಳಗೆ ಮರಳಿತು. ವೋಲ್ಟೇಜು ಸರಿಯಿತ್ತು, ನೀರಿತ್ತು, ಟಾಂಗ್ ಟೆಸ್ಟರಿನಲ್ಲಿ ಮೂರು ಲೈನುಗಳ ಪ್ರವಾಹವೂ ಹೆಚ್ಚುಕಡಮೆ ಸಮವಾಗಿಯೇ ಇದ್ದಿತು. ರೈತನು ಬೈಯಲಿಲ್ಲ. ಬೈದಿದ್ದರೆ ಯಜಮಾನನಿಗೆ ಹಗುರವಾಗುತ್ತಿತ್ತು. ಬಾಗಿಲಿನ ಕಲ್ಲಿನ ಮೇಲೆ ಕುಳಿತು, “ಒಂದೂವರೆ ಎಕರೆ ಈರುಳ್ಳಿ ಐತಣ್ಣ, ಗೊಬ್ಬರದ ಸಾಲ ಹಂಗೇ ಐತೆ” ಎಂದಷ್ಟೇ ಹೇಳಿ ಸುಮ್ಮನಾದನು.

ಅಳಿಯನು ಅಳತೆಗಳನ್ನು ತೆಗೆದುಕೊಂಡು ರಾತ್ರಿಯೆಲ್ಲ ಕುಳಿತು ಮೋಟಾರನ್ನು ಪರದೆಯ ಮೇಲೆ ಇಳಿಸಿದನು. ಪ್ರತಿ ಫೇಸಿಗೂ ಒಂದೇ ದಾರಿಯನ್ನಿಟ್ಟು, ಮಾವನು ಅಳೆದಿದ್ದ ಪ್ರವಾಹವನ್ನೇ ಮೂರಕ್ಕೂ ಸಮವಾಗಿ ಕೊಟ್ಟನು. ಬೆಳಗ್ಗೆ ಚಿತ್ರವು ಸಿದ್ಧವಾಯಿತು; ಎಲ್ಲಿಯೂ ದೋಷ ಕಾಣಲಿಲ್ಲ.

“ಮಾವ, ಮೋಟಾರು ಸರಿಯಾಗಿದೆ. ಸುಡೋ ಕಾರಣವೇ ಇಲ್ಲ” ಎಂದನು.

“ಕಾರಣ ಇಲ್ದೆ ಸುಟ್ಟಿತೇನಪ್ಪಾ, ಎರಡು ಸಲ?” ಎಂದು ಮಾವನು ಕನ್ನಡಕವನ್ನು ಏರಿಸಿ ಪರದೆಯನ್ನು ಬಹಳ ಹೊತ್ತು ನೋಡಿದನು. ಆ ಬಣ್ಣಗಳ ಅರ್ಥವು ಆತನಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಪಟ್ಟಿಯು ತಿಳಿಯಿತು. “ಇದರಲ್ಲಿ ಒಂದೇ ದಾರಿ ಹಾಕಿದ್ದೀಯಲ್ಲೋ. ನಾನು ಸುತ್ತಿದ್ದು ಎರಡು ದಾರಿ. ಸಣ್ಣ ತಂತಿ, ಜೋಡಿ ದಾರಿ. ಬಂದಿದ್ದೇ ಹಾಗೆ.”

ಅಳಿಯನು ತಬ್ಬಿಬ್ಬಾದನು. ಅವನು ಪ್ರವಾಹವನ್ನು ತಾನೇ ನಿಶ್ಚಯಿಸಿ ಕೊಟ್ಟಿದ್ದನು. ಪ್ರವಾಹವನ್ನು ನಿಶ್ಚಯಿಸಿ ಕೊಟ್ಟ ಮೇಲೆ, ಅದು ಎರಡು ದಾರಿಗಳಲ್ಲಿ ಹೇಗೆ ಹಂಚಿಕೊಳ್ಳುವುದೆಂದು ಯಂತ್ರಕ್ಕೆ ಕೇಳುವ ಅವಕಾಶವೇ ಉಳಿಯಲಿಲ್ಲ. ಉತ್ತರವನ್ನು ಮೊದಲೇ ಬರೆದಿಟ್ಟು ಪ್ರಶ್ನೆ ಕೇಳಿದಂತಾಯಿತು. ವೋಲ್ಟೇಜನ್ನು ಕೊಟ್ಟು, ಸುರುಳಿಗಳನ್ನು ನಿಜವಾಗಿ ಕೂಡಿಸಿರುವಂತೆ ಒಂದು ಮಂಡಲವನ್ನು ಬರೆದು, ಪ್ರವಾಹವನ್ನು ಯಂತ್ರವೇ ಕಂಡುಹಿಡಿಯಲು ಬಿಡಬೇಕು.

“ಪ್ರತಿ ಗುಂಪಿನಲ್ಲೂ ಎಷ್ಟು ಸುತ್ತು ಮಾವ? ಎಲ್ಲಾ ಒಂದೇನಾ?”

ಮಾವನು ಮೇಜಿನ ಅರೆಯಿಂದ ಒಂದು ಸಿಗರೇಟು ಪೊಟ್ಟಣದ ರಟ್ಟನ್ನು ತೆಗೆದನು. ಆತನ ಲೆಕ್ಕದ ಪುಸ್ತಕವೇ ಅದು. “ಮೂರನೇ ಫೇಸಿನ ಒಂದು ಗುಂಪಲ್ಲಿ ಎರಡು ಸುತ್ತು ಕಮ್ಮಿ. ಬಂದಾಗಲೇ ಕಮ್ಮಿ ಇತ್ತು. ಕಂಪನಿ ಲೆಕ್ಕ ಅಂತ ಹಾಗೇ ಬಿಟ್ಟೆ.”

ತಾಳೆಗರಿಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಕಂಡಂತೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ದೋಷವು ನನ್ನದಲ್ಲ, ಎಂಬ ಅರ್ಥದ ಮಾತೊಂದನ್ನು ಬರೆಯುವ ವಾಡಿಕೆಯಿದ್ದಿತು. ಅದು ವಿನಯದ ಮಾತು. ಪಾಠವು ಉಳಿದುಬಂದಿರುವುದೂ ಅಂತಹ ವಿನಯದಿಂದಲೇ. ಆದರೆ ಮೂಲದಲ್ಲಿ ತಪ್ಪಿದ್ದರೆ ಶ್ರದ್ಧಾವಂತನಾದ ಲಿಪಿಕಾರನಿಗಿಂತ ಅದನ್ನು ಬಾಳಿಸುವವನು ಮತ್ತೊಬ್ಬನಿಲ್ಲ. ಇಲ್ಲಿ ನಡೆದುದೂ ಹಾಗೆಯೇ ಎಂದು ಬಳಿಕ ತಿಳಿಯಿತು. ಮೋಟಾರು ಕಾರ್ಖಾನೆಯಿಂದ ಬಂದಾಗ ದಪ್ಪ ತಂತಿ, ಒಂದೇ ದಾರಿ. ಅದಕ್ಕೆ ಹಿಂದೊಮ್ಮೆ ಬೇರೆಲ್ಲಿಯೋ ಸುತ್ತಿಸಿದ್ದುದನ್ನು ರೈತನು ನೆನಪು ಮಾಡಿಕೊಂಡನು. ಅಲ್ಲಿ ದಪ್ಪ ತಂತಿ ಸಿಕ್ಕದೆ, ಅರ್ಧ ದಪ್ಪದ ತಂತಿಯಿಂದ ಇಮ್ಮಡಿ ಸುತ್ತು ಹಾಕಿ ಎರಡು ದಾರಿ ಮಾಡಿರಬೇಕು. ಲೆಕ್ಕವು ತಪ್ಪಲ್ಲ. ಆದರೆ ತಂತಿಯು ಸಣ್ಣದಾದರೂ ಹೊದಿಕೆಯು ಸಣ್ಣದಾಗುವುದಿಲ್ಲ. ಇಮ್ಮಡಿ ತಂತಿಗೆ ಇಮ್ಮಡಿ ಹೊದಿಕೆ, ತೋಡಿನಲ್ಲಿ ಜಾಗ ಸಾಲದು. ಕಡೆಯ ಗುಂಪನ್ನು ಸುತ್ತುವಾಗ ಕೈ ಸೋತು ಎರಡು ಸುತ್ತು ಬಿಟ್ಟುಹೋಗಿವೆ.

ಒಂದರ ಹಿಂದೊಂದಾಗಿ ಕೂಡಿಸಿದ್ದರೆ ಎರಡು ಸುತ್ತಿನ ಕೊರತೆಯು ಲೆಕ್ಕಕ್ಕೇ ಬರುತ್ತಿರಲಿಲ್ಲ. ಎರಡು ಗುಂಪುಗಳಲ್ಲಿಯೂ ಒಂದೇ ಪ್ರವಾಹ. ಜೊತೆದಾರಿಯಲ್ಲಿ ಹಾಗಲ್ಲ. ಎರಡು ದಾರಿಗಳೂ ಒಂದೇ ತುದಿಗಳ ನಡುವೆ ಇರುವುದರಿಂದ, ಅವುಗಳಲ್ಲಿ ಹುಟ್ಟುವ ಪ್ರತಿವೋಲ್ಟೇಜುಗಳಲ್ಲಿ ಅಲ್ಪ ಅಂತರವಿದ್ದರೂ ಆ ಅಂತರವು ಒಂದರಿಂದ ಇನ್ನೊಂದಕ್ಕೆ ಸುತ್ತು ಪ್ರವಾಹವನ್ನು ಹರಿಸುವುದು. ಅದನ್ನು ತಡೆಯುವ ಅಡ್ಡಿಯು ಅತ್ಯಲ್ಪ. ಹೊರಗಿನ ಲೈನಿಗೆ ಹಿಡಿದ ಟಾಂಗ್ ಟೆಸ್ಟರಿಗೆ ಇದು ಕಾಣದು, ಏಕೆಂದರೆ ಒಂದು ದಾರಿಯಲ್ಲಿ ಹೆಚ್ಚಿದುದು ಇನ್ನೊಂದರಲ್ಲಿ ಕುಗ್ಗಿ ಮೊತ್ತವು ಹೆಚ್ಚುಕಡಮೆ ಸರಿಹೋಗುವುದು. ಒಂದೇ ಮನೆಯಲ್ಲಿದ್ದು ಮಾತನಾಡದ ಅಣ್ಣತಮ್ಮಂದಿರ ಜಗಳದಂತೆ. ಬೀದಿಗೆ ಗೊತ್ತಾಗುವುದು ಮನೆ ಕುಸಿದ ಮೇಲೆಯೇ.

ಅಳಿಯನು ಎರಡು ದಾರಿಗಳನ್ನೂ ಬೇರೆ ಬೇರೆಯಾಗಿ ಬರೆದು, ಗುಂಪುಗುಂಪಿಗೆ ಸುತ್ತಿನ ಸಂಖ್ಯೆಯನ್ನು ರಟ್ಟಿನಲ್ಲಿದ್ದಂತೆಯೇ ಹಾಕಿ, ವೋಲ್ಟೇಜನ್ನು ಕೊಟ್ಟು ಮತ್ತೆ ಓಡಿಸಿದನು. ಮೊದಲೆರಡು ಫೇಸುಗಳಲ್ಲಿ ಜೊತೆದಾರಿಗಳ ಗೆರೆಗಳು ಒಂದರ ಮೇಲೊಂದು ಕುಳಿತವು. ಮೂರನೆಯದರಲ್ಲಿ ಬೇರೆಯಾದವು, ಸುತ್ತು ಕಡಿಮೆಯಿದ್ದ ಗುಂಪು ತನ್ನ ಪಾಲಿಗಿಂತ ಬಹಳ ಹೆಚ್ಚು ಹೊರುತ್ತಿದ್ದಿತು. ಪ್ರವಾಹವು ಹೆಚ್ಚಿದರೆ ಕಾವು ಅದರ ವರ್ಗದಂತೆ ಹೆಚ್ಚುವುದ

ು, ಹೊದಿಕೆ ಎಷ್ಟು ದಿನ ತಾಳೀತು? ಮಾವನು ಮಾತನಾಡದೆ ಎದ್ದು, ಮೂಲೆಯಲ್ಲಿದ್ದ ಹಳೆಯ ತಂತಿಯ ರಾಶಿಯನ್ನು ಕೆದಕಿ, ಎರಡು ಸಲದ ತಲೆಗಳನ್ನೂ ತಂದು ಬೆಳಕಿಗೆ ಹಿಡಿದನು. ಎರಡರಲ್ಲಿಯೂ ಒಂದೇ ಪಕ್ಕ ಕರಿಯಾಗಿದ್ದಿತು. ಅದನ್ನು ಆತನು ಆಗಲೇ ಕಂಡಿದ್ದನು. ಕೇಬಲಿನ ಜೋಡಣೆಯ ಪಕ್ಕವೆಂದು ಸಮಾಧಾನ ಮಾಡಿಕೊಂಡಿದ್ದನು.

ಕಣ್ಣು ಕಂಡಿದ್ದುದಕ್ಕೆ ಕಾರಣವನ್ನು ಯಂತ್ರವು ಕೊಟ್ಟಿತು. ಯಂತ್ರಕ್ಕೆ ಕೇಳತಕ್ಕ ಪ್ರಶ್ನೆಯನ್ನು ಕಸಬು ಕೊಟ್ಟಿತು. ಇವೆರಡೂ ಒಂದೇ ಬೆಂಚಿನ ಮೇಲೆ ಕುಳಿತದ್ದು ಸೋದರಸಂಬಂಧದ ಪುಣ್ಯ. ಚಳ್ಳಕೆರೆಯ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಉಪಾಧ್ಯಾಯರಿಗೆ ಅಲ್ಲಿ ತರಬೇತಿಯೂ ನಡೆದಿದೆ. ಹಿಂದೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನಲ್ಲಿ ೨೦೧೭ರಿಂದ ವಿಮಾನಗಳ ಪರೀಕ್ಷಾರಂಗವಿದೆ. ೨೦೨೩ರ ಏಪ್ರಿಲ್ ೨ರಂದು ಮರುಬಳಕೆಯ ವ್ಯೋಮವಾಹನದ ಮಾದರಿಯೊಂದು ಅಲ್ಲಿ ತಾನಾಗಿಯೇ ನೆಲಕ್ಕಿಳಿಯಿತು. ದೊಡ್ಡ ವಿದ್ಯೆಯು ತಾಲ್ಲೂಕಿಗೆ ಬಂದಿಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಪೇಟೆಯ ವೈಂಡಿಂಗ್ ಅಂಗಡಿಯ ಸಿಗರೇಟು ರಟ್ಟಿನಲ್ಲಿರುವ ವಿದ್ಯೆಯನ್ನು ಓದಲು ಇನ್ನೂ ಯಾರೂ ಬಂದಿಲ್ಲ. ಆ ರಟ್ಟುಗಳಾದರೋ ವರ್ಷಕ್ಕೊಮ್ಮೆ ದೀಪಾವಳಿಯ ಗುಡಿಸುವಿಕೆಯಲ್ಲಿ ಒಲೆಗೆ ಹೋಗುವುವು. ಮಕ್ಕಳಿಗೆ ಸ್ಟಾರ್, ಡೆಲ್ಟಾಗಳ ಚಿತ್ರವನ್ನು ಪರೀಕ್ಷೆಗೆ ಬರೆಯಿಸುವ ನಾವು ಒಂದು ಸುಟ್ಟ ಮೋಟಾರಿನ ತಲೆಯನ್ನು ಅವರ ಕೈಯಲ್ಲಿ ಇಟ್ಟವರಲ್ಲ.

ಮೂರನೆಯ ಸಲ ಮೋಟಾರನ್ನು ದಪ್ಪ ತಂತಿಯಿಂದ, ಒಂದೇ ದಾರಿಯಾಗಿ, ಎಲ್ಲ ಗುಂಪುಗಳಿಗೂ ಸಮನಾದ ಸುತ್ತು ಹಾಕಿ ಕಟ್ಟಿದರು. ತಂತಿಯನ್ನು ಚಿತ್ರದುರ್ಗದಿಂದ ತರಿಸಲು ಒಂದು ದಿನ ಹಿಡಿಯಿತು. ಯಜಮಾನನು ತಂತಿಯ ಬೆಲೆಯನ್ನು ಮಾತ್ರ ತೆಗೆದುಕೊಂಡನು. ಕೂಲಿಯ ಮಾತೆತ್ತಿದಾಗ, “ಅದು ಹೋದ ಸಲವೇ ಬಂತು” ಎಂದನು. ಅಷ್ಟರಲ್ಲಿ ಮೇಲಿನ ಮಡಿಗಳ ಈರುಳ್ಳಿ ಒಣಗಿ ಹೋಗಿದ್ದಿತು. ಬಾವಿಯ ಬಳಿಯ ಮಡಿಗಳು ಉಳಿದುವು. ಗೊಬ್ಬರದ ಸಾಲವು ತೀರಿತು, ಬಡ್ಡಿಯು ಉಳಿಯಿತು.

ಅಳಿಯನು ಕಾಲೇಜಿಗೆ ಹೊರಡುವ ಮೊದಲು ಮಾವನು ಇನ್ನೂರು ಪುಟಗಳ ಒಂದು ಪುಸ್ತಕವನ್ನು ತಂದಿಟ್ಟು, “ಬರಿಯಪ್ಪಾ, ಕನ್ನಡದಲ್ಲೇ ಬರಿ, ಈ ಹುಡುಗರಿಗೂ ಓದೋಕೆ ಬರಬೇಕು” ಎಂದು ಹೇಳತೊಡಗಿದನು. ಮೊದಲನೆಯ ಪುಟದಲ್ಲಿ ಈ ಮೋಟಾರೇ ಇದೆ. ಮೊದಲನೆಯ ಫೇಸು: ಸ್ಲಾಟು ೩ರಿಂದ ೧೪ಕ್ಕೆ, ೪ರಿಂದ ೧೩ಕ್ಕೆ ಒಂದು ಗುಂಪು, ೨ರಿಂದ ೧೫ಕ್ಕೆ, ೧ರಿಂದ ೧೬ಕ್ಕೆ ಇನ್ನೊಂದು ಗುಂಪು, ಮೊದಲ ಗುಂಪಿನ ಅಂತ್ಯವು ಎರಡನೆಯದರ ಆದಿಗೆ, ಉಳಿದ ಫೇಸುಗಳು ಎಂಟೆಂಟು ಸ್ಲಾಟು ಮುಂದಕ್ಕೆ. ಪಕ್ಕದಲ್ಲಿ ಬಾಣದ ಗುರುತುಗಳುಳ್ಳ ಒಂದು ಚಿತ್ರ. ನೇಕಾರರ ಮನೆಯ ಹುಡುಗನಾದುದರಿಂದ ಅವನು ಅದನ್ನು ಚೌಕುಳಿಯ ಮೇಲೆಯೇ ಬರೆದಿರುವನು. ಎರಡನೆಯ ಪುಟದಲ್ಲಿ ಹಿರಿಯೂರಿನ ಕಡೆಯ ಒಂದು ಮೋಟಾರು. ಮೂರನೆಯ ಪುಟದಲ್ಲಿ ಸ್ಲಾಟುಗಳ ಎಣಿಕೆ, ಉಕ್ಕಿನ ಉದ್ದ, ತಂತಿಯ ದಪ್ಪ ಎಲ್ಲವೂ ಇದೆ. ‘ಜೋಡಣೆ’ ಎಂದು ಬರೆದು ಮುಂದೆ ಜಾಗ ಬಿಟ್ಟಿದೆ. ಆ ಮೋಟಾರಿನ ತಲೆಯನ್ನು ಯಾರೋ ಮೊದಲೇ ಕತ್ತರಿಸಿ ತಾಮ್ರದ ಬೆಲೆಗೆ ಮಾರಿದ್ದರು.